ಸಹಾಯ ಬೇಕು: ಜಗಲಿಯ ದೀಪಕ್ಕೆ ಬಂದ ಹಸಿರು ಪತಂಗ ಯಾವುದು?

ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಜಗಲಿಯಲ್ಲಿ ಬಿಳಿ ಪಂಚೆ ಕಟ್ಟಿ, ದೀಪ ಹಾಕಿ ಪತಂಗಗಳನ್ನು ನೋಡುತ್ತಿರುತ್ತೇನೆ. ನಿನ್ನೆ ಮಳೆ ಬಿಟ್ಟ ಮೇಲೆ ಅಂಗೈಯಗಲದ ಒಂದು ಪತಂಗ ಬಂದಿತು. ಪಾಚಿಹಸಿರು ರೆಕ್ಕೆ, ನಡುವೆ ತಿಳಿಗುಲಾಬಿ ಪಟ್ಟೆ. ಹಾರುವ ಮುನ್ನ ಚಳಿ ಹಿಡಿದವರಂತೆ ಗಡಗಡ ನಡುಗಿತು! ಮೈ ಬಿಸಿ ಮಾಡಿಕೊಳ್ಳುವ ರೀತಿಯಂತೆ ಅದು.

ಹೋದ ತಿಂಗಳು ಅಂಗಳದ ನಂದಿಬಟ್ಟಲಿನಲ್ಲಿ ಬಾಲಕ್ಕೆ ಕೊಂಬಿದ್ದ, ಕತ್ತಿನ ಬಳಿ ನೀಲಿ ಕಣ್ಣಿನಂಥ ಗುರುತಿದ್ದ ಹುಳು ಕಂಡಿದ್ದೆ. ಹಾಗಾಗಿ ಇದು ಕಣಗಿಲೆ, ನಂದಿಬಟ್ಟಲು ತಿನ್ನುವ ಅಂಥ ಹುಳುವೇ ಬೆಳೆದು ಆಗುವ ಡಾಫ್ನಿಸ್ ನೀರೈ ಎಂಬ ಪತಂಗ ಎಂದು ನನ್ನ ಊಹೆ. ಅದನ್ನೇ ಹೋಲುವ ಡಾಫ್ನಿಸ್ ಹೈಪೋಥಸ್ ಕೂಡ ಇದೆಯಲ್ಲ, ಎರಡನ್ನೂ ಬೇರ್ಪಡಿಸುವುದು ಹೇಗೆ? ರೆಕ್ಕೆಯ ಯಾವ ಭಾಗದ ಫೋಟೊ ಬೇಕು? ಹಿಡಿದು ಪಿನ್ ಚುಚ್ಚುವುದು ಮಾತ್ರ ನನ್ನಿಂದಾಗದು. ಇದಕ್ಕೆ ಮಲೆನಾಡಿನ ಹೆಸರಿದ್ದರೆ ದಯವಿಟ್ಟು ತಿಳಿಸಿ.