ಸೆಕೆಂಡ್ ಪಿಯು ಮಕ್ಕಳ ಸಿಇಟಿ, ಸ್ಕಾಲರ್‌ಶಿಪ್ ತಯಾರಿ: ಹಳ್ಳಿ ಲೈಬ್ರರಿಯಲ್ಲಿ ಕೂತು ಏನು ಮಾಡಬಹುದು?

ಪ್ರಶ್ನೆ: ಕುಷ್ಟಗಿ_ಲೈಬ್ರರಿ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ನೋಡಿಕೊಳ್ಳುತ್ತೇನೆ. ಸಂಜೆ ಆದರೆ ಸೆಕೆಂಡ್ ಪಿಯು ಹುಡುಗ ಹುಡುಗಿಯರು ಓದಲು ಬಂದು ಕೂರುತ್ತಾರೆ. ಸೈನ್ಸ್‌ನವರು ಕಡಿಮೆ, ಆರ್ಟ್ಸ್, ಕಾಮರ್ಸ್ ಜಾಸ್ತಿ. ಹೋದ ವರ್ಷ ಒಬ್ಬ ಹುಡುಗನಿಗೆ ಸಿಇಟಿಯಲ್ಲಿ ಒಳ್ಳೆ ರ‍್ಯಾಂಕ್ ಬಂತು, ಆದರೆ 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಸರ್ಟಿಫಿಕೇಟ್ ಕೈಗೆ ಬರುವ ಹೊತ್ತಿಗೆ ಅರ್ಜಿ ತಿದ್ದುವ ಅವಕಾಶ ಮುಗಿದಿತ್ತು. ಇನ್ನೊಬ್ಬಳಿಗೆ ಸ್ಕಾಲರ್‌ಶಿಪ್ ಮಂಜೂರಾಗಿದೆ ಅಂತ ತೋರಿಸುತ್ತಿತ್ತು, ದುಡ್ಡು ಮಾತ್ರ ಬರಲಿಲ್ಲ.

ಈಗ ಡಿಸೆಂಬರ್. ಈ ಸಲ ಮೊದಲೇ ಶುರು ಮಾಡೋಣ ಅಂತಿದ್ದೇನೆ. ಒಂದು ಕಂಪ್ಯೂಟರ್ ಇದೆ, ಇಂಟರ್ನೆಟ್ ಇದೆ ಅಂತ ಹೇಳಬಹುದು, ಅಷ್ಟೇ. ತುಂಬಾ ಮಕ್ಕಳ ಅಪ್ಪ ಅಮ್ಮ ದುಡಿಯಲು ಮಂಗಳೂರು, ಗೋವಾ ಕಡೆ ಹೋಗಿರುತ್ತಾರೆ, ಮನೆಯಲ್ಲಿ ಅಜ್ಜಿ ಮಾತ್ರ. ಯಾವುದರಿಂದ ಶುರು ಮಾಡಲಿ? ಪಾಠ ಹೇಳಿಕೊಡುವುದು ನನ್ನಿಂದ ಆಗಲ್ಲ, ನಾನು ಓದಿದ್ದು ಬಿಎ. ಕಾಗದ ಪತ್ರ ಓಡಾಡಿ ಮಾಡಿಸಬಲ್ಲೆ.

ಉತ್ತರ: ಪಿಯು_ಮೇಷ್ಟ್ರು

ಮೇಡಂ, ಕಾಗದ ಪತ್ರ ಮಾಡಿಸಬಲ್ಲೆ ಅಂದಿರಲ್ಲ, ನಮ್ಮ ಕಡೆ ಮಕ್ಕಳು ಸೋಲುವುದೇ ಅಲ್ಲಿ. ಪಾಠ ನಾವು ಮಾಡುತ್ತೇವೆ ಬಿಡಿ.

ಮೊದಲು ಹೆಸರು ನೋಡಿ. ಪ್ರತಿ ಮಗುವಿನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಜಾತಿ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ನಾಲ್ಕನ್ನೂ ಪಕ್ಕ ಪಕ್ಕ ಇಟ್ಟು ಓದಿ. ಒಂದರಲ್ಲಿ ‘ಮಂಜುನಾಥ ಎಚ್’, ಇನ್ನೊಂದರಲ್ಲಿ ‘ಮಂಜುನಾಥ್ ಹನುಮಪ್ಪ’, ಪಾಸ್‌ಬುಕ್‌ನಲ್ಲಿ ಬರೀ ‘ಮಂಜು’ ಇರುತ್ತದೆ. ಊರಲ್ಲಿ ಎಲ್ಲರಿಗೂ ಗೊತ್ತು ಅವನೇ ಅಂತ, ಕಂಪ್ಯೂಟರಿಗೆ ಗೊತ್ತಿಲ್ಲ. ಎಸ್‌ಎಸ್‌ಎಲ್‌ಸಿ ಕಾರ್ಡೇ ಮೂಲ, ಅದಕ್ಕೆ ಉಳಿದದ್ದನ್ನು ಹೊಂದಿಸಬೇಕು. ಆದರೆ ಆಧಾರ್‌ನಲ್ಲಿ ಹೆಸರು ಜೀವನದಲ್ಲಿ ಎರಡೇ ಸಲ ಬದಲಿಸಬಹುದು, ಹುಟ್ಟಿದ ದಿನಾಂಕ ಒಂದೇ ಸಲ. ಅದಕ್ಕೇ ಇಂಗ್ಲಿಷ್ ಅಕ್ಷರ ಒಂದೊಂದೂ ನೋಡಿಕೊಂಡು ಹೋಗಲಿ. ಅಲ್ಲಿ ಕೂತವರು ಅವಸರದಲ್ಲಿ ಟೈಪ್ ಮಾಡುತ್ತಾರೆ, ರಸೀದಿ ಕೊಟ್ಟಾಗ ಓದದೆ ಎದ್ದು ಬರುವುದು ಬೇಡ.

ಆಮೇಲೆ ಜಾತಿ ಆದಾಯ. ನಾಡಕಚೇರಿಯಲ್ಲಿ ಮಾಡಿಸಿದ್ದರಲ್ಲಿ ಆರ್‌ಡಿ ನಂಬರ್ ಇರುತ್ತದೆ, ಸಿಇಟಿಗೂ ಸ್ಕಾಲರ್‌ಶಿಪ್ಪಿಗೂ ಅದೇ ಬೇಕು. ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಆಯುಷ್ಯ. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ್ದು ಈಗಲೋ ಆಗಲೋ ಮುಗಿಯುತ್ತದೆ, ದಿನಾಂಕ ನೋಡಿ. ಪ್ರಮಾಣಪತ್ರ ಅಪ್ಪನ ಹೆಸರಲ್ಲಿ ಇದ್ದರೆ ನಡೆಯಲ್ಲ, ವಿದ್ಯಾರ್ಥಿ ಹೆಸರಲ್ಲೇ ಇರಬೇಕು. ಎಸ್‌ಸಿ ಎಸ್‌ಟಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ಇ, 2ಎಯಿಂದ 3ಬಿವರೆಗೆ ಎಫ್. ಜೆಇಇ, ನೀಟ್ ಅಖಿಲ ಭಾರತ ಸೀಟು ಅಂತ ನೋಡುವವರಿಗೆ ಕೇಂದ್ರದ ಒಬಿಸಿ ಪ್ರಮಾಣಪತ್ರ ಬೇರೆಯೇ ಬೇಕು, ಇದು ಎಷ್ಟೋ ಜನ ಲೆಕ್ಚರರುಗಳಿಗೂ ಗೊತ್ತಿರಲ್ಲ.

371ಜೆಗೆ ಈ ತಿಂಗಳೇ ಅರ್ಜಿ ಹಾಕಿಸಿ. ಕೊಡುವುದು ಉಪವಿಭಾಗಾಧಿಕಾರಿ, ಅಂದರೆ ಎಸಿ. ಫೈಲು ಹಳ್ಳಿಯಿಂದ ಅಲ್ಲಿವರೆಗೆ ನಡೆದುಕೊಂಡೇ ಹೋಗುತ್ತದೆ. ನಮ್ಮ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ 70% ಸೀಟು, ಉಳಿದ ಕರ್ನಾಟಕದಲ್ಲಿ 8%. ಇದನ್ನು ಬಿಟ್ಟು ಕೂರುವುದು ದಡ್ಡತನ.

ಗ್ರಾಮೀಣ (15%) ಮತ್ತು ಕನ್ನಡ ಮಾಧ್ಯಮ (5%) ಮೀಸಲಾತಿಗೆ ಒಂದರಿಂದ ಹತ್ತನೇ ಕ್ಲಾಸಿನವರೆಗೆ ಪೂರ್ತಿ ಓದಿರಬೇಕು. ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ, ಹೆಡ್ ಮಾಸ್ಟರ್ ಸಹಿ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ. ಅಪ್ಪ ಅಮ್ಮನ ಜೊತೆ ಗೋವಾದಲ್ಲಿ ಎರಡು ವರ್ಷ ಓದಿ ಬಂದ ಮಕ್ಕಳಿಗೆ ಇದು ಸಿಗಲ್ಲ, ಸುಮ್ನೆ ಆಸೆ ತೋರಿಸಬೇಡಿ.

ಉತ್ತರ: ಸೈಬರ್_ಅಣ್ಣ

ಮೇಷ್ಟ್ರು ಹೇಳಿದ್ದೆಲ್ಲ ಸರಿ. ನಾನು ತಾಲೂಕಿನಲ್ಲಿ ಸೈಬರ್ ಸೆಂಟರ್ ನಡೆಸುತ್ತೇನೆ, ನನ್ನ ಹೊಟ್ಟೆಪಾಡಿನ ಗುಟ್ಟೇ ಹೇಳುತ್ತೇನೆ ಕೇಳಿ. ಅರ್ಜಿಯಲ್ಲಿ ಮೊಬೈಲ್ ನಂಬರ್ ಯಾರದು ಹಾಕುತ್ತಾರೆ ಅಂತ ನೋಡಿ. ಮಗುವಿನ ಹತ್ತಿರ ಫೋನ್ ಇಲ್ಲ ಅಂತ ಅಂಗಡಿಯವರು ತಮ್ಮದೇ ನಂಬರ್ ಹಾಕಿಬಿಡುತ್ತಾರೆ. ಆಮೇಲೆ ಸೀಟು ಹಂಚಿಕೆ ದಿನ ಒಟಿಪಿ ಬರುವುದು ಅವರ ಫೋನಿಗೆ, ಅವತ್ತೇ ಅಂಗಡಿ ಬಾಗಿಲು. ಮನೆಯಲ್ಲಿ ಮುಂದಿನ ವರ್ಷವೂ ಇರುವ ನಂಬರ್ ಹಾಕಿಸಿ, ರೀಚಾರ್ಜ್ ನಿಲ್ಲಿಸಬೇಡಿ ಅನ್ನಿ. ಯೂಸರ್ ಐಡಿ, ಪಾಸ್‌ವರ್ಡ್ ಮಗುವಿನ ನೋಟ್‌ಬುಕ್ಕಿನಲ್ಲೇ ಬರೆದಿರಲಿ.

ಆ ಹುಡುಗಿಗೆ ದುಡ್ಡು ಯಾಕೆ ಬರಲಿಲ್ಲ ಅಂತ ಊಹಿಸಬಲ್ಲೆ. ಪಾಸ್‌ಬುಕ್ ಇದೆ, ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೇವೆ, ಅಷ್ಟಕ್ಕೇ ಆಗಲಿಲ್ಲ. ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ಎನ್‌ಪಿಸಿಐ ಸಂಸ್ಥೆಯಲ್ಲಿ ಆಧಾರ್ ಯಾವ ಬ್ಯಾಂಕಿಗೆ ಮ್ಯಾಪ್ (ಜೋಡಣೆ) ಆಗಿದೆಯೋ ದುಡ್ಡು ಅಲ್ಲಿಗೇ ಹೋಗುವುದು, ಅರ್ಜಿಯಲ್ಲಿ ನೀವು ಯಾವ ಅಕೌಂಟ್ ನಂಬರ್ ಬರೆದರೂ. ಒಂದು ಆಧಾರ್‌ಗೆ ಒಂದು ಹೊತ್ತಿಗೆ ಒಂದೇ ಬ್ಯಾಂಕ್. ಸಿಮ್ ತಗೊಳ್ಳುವಾಗ ಅಂಗಡಿಯವನು ಪೇಮೆಂಟ್ ಬ್ಯಾಂಕ್ ಅಕೌಂಟ್ ತೆಗೆದಿದ್ದರೆ ಮ್ಯಾಪಿಂಗ್ ಅಲ್ಲಿಗೆ ಓಡಿರುತ್ತದೆ, ಮಗುವಿಗೆ ಅಂಥ ಅಕೌಂಟ್ ಇರುವುದೇ ಗೊತ್ತಿರಲ್ಲ. ಇಲ್ಲ ಅಂದರೆ ಎರಡು ವರ್ಷ ವ್ಯವಹಾರ ಇಲ್ಲದೆ ಅಕೌಂಟ್ ನಿಷ್ಕ್ರಿಯ ಆಗಿರುತ್ತದೆ. ಮೈಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ನಿಮ್ಮ ಲೈಬ್ರರಿ ಕಂಪ್ಯೂಟರಿನಲ್ಲೇ ಐದು ನಿಮಿಷದ ಕೆಲಸ. ಅದಕ್ಕೂ ಆಧಾರ್‌ಗೆ ಮೊಬೈಲ್ ಜೋಡಣೆ ಆಗಿರಬೇಕು ಅನ್ನಿ.

ಇನ್ನೊಂದು. ರಾಜ್ಯದ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುವ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅಪ್ಪ ಅಮ್ಮನ ಆಧಾರ್ ವಿವರವೂ ಕೇಳುತ್ತದೆ. ಗೋವಾದಲ್ಲಿ ಇರುವವರಿಗೆ ಫೋನ್ ಮಾಡಿ ಒಟಿಪಿ ಹೇಳಿಸಿಕೊಳ್ಳುವುದು ಒಂದು ಸರ್ಕಸ್. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಹೇಗೂ ಊರಿಗೆ ಬರುತ್ತಾರಲ್ಲ, ಆಗ ಅವರ ಆಧಾರ್ ಮೊಬೈಲ್ ಜೋಡಣೆ ಮುಗಿಸಿಬಿಡಿ.

ಉತ್ತರ: ಸೆಕೆಂಡ್_ಇಯರ್_ಸಿಎಸ್

ಅಕ್ಕ, ನಾನು ಹಳ್ಳಿಯಿಂದಲೇ ಬಂದು ಈಗ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದೇನೆ. ಸೈನ್ಸ್ ಮಕ್ಕಳಿಗೆ ಎರಡು ಮಾತು ಹೇಳಿ.

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಅಂಕ ಅರ್ಧ, ಸಿಇಟಿ ಅರ್ಧ. ಸಿಇಟಿ ಕೋಚಿಂಗ್ ಇಲ್ಲ ಅಂತ ಅಳುವವರು ಬೋರ್ಡ್ ಪರೀಕ್ಷೆಯಲ್ಲಿ ಚೆನ್ನಾಗಿ ಬರೆದರೆ ಅಲ್ಲೇ ಅರ್ಧ ದಾರಿ ಆಯಿತು. 2024ರಿಂದ ಪಿಯುಗೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ, ಜಾಸ್ತಿ ಬಂದ ಅಂಕ ಉಳಿಯುತ್ತದೆ. ಆದರೂ ಮೊದಲನೇದರಲ್ಲೇ ಮುಗಿಸಿದರೆ ತಲೆ ಹಗುರ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, ತಪ್ಪಿಗೆ ಅಂಕ ಕಡಿತ ಇಲ್ಲ. ಹಾಗಾಗಿ ಒಂದೂ ಖಾಲಿ ಬಿಡಬಾರದು, ಗೊತ್ತಿಲ್ಲದಿದ್ದರೂ ಉತ್ತರ ಹಾಳೆಯಲ್ಲಿ ಒಂದು ವೃತ್ತ ತುಂಬಲಿ. ಹಳೇ ಪ್ರಶ್ನೆಪತ್ರಿಕೆ ಸಿಇಟಿ ನಡೆಸುವ ಕೆಇಎ ವೆಬ್‌ಸೈಟಿನಲ್ಲಿ ಸಿಗುತ್ತದೆ, ಪ್ರಿಂಟ್ ತೆಗೆದು ಭಾನುವಾರ ಲೈಬ್ರರಿಯಲ್ಲೇ ಗಡಿಯಾರ ಇಟ್ಟು ಬರೆಸಿ. ಅದಕ್ಕೆ ಪಾಠ ಹೇಳಲು ಬರಬೇಕಾಗಿಲ್ಲ.

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಹಾಕುವಾಗ, ಎಲ್ಲರೂ ಗಲಿಬಿಲಿ ಆಗುತ್ತಾರೆ. ‘ಇದು ನನಗೆ ಎಲ್ಲಿ ಸಿಗುತ್ತೆ’ ಅಂತ ಇಷ್ಟದ ಕಾಲೇಜನ್ನು ಕೆಳಗೆ ಹಾಕುವುದು ತಪ್ಪು. ಪಟ್ಟಿಯಲ್ಲಿ ಮೇಲಿಂದ ನೋಡುತ್ತಾ ಬಂದು ನಿಮ್ಮ ರ‍್ಯಾಂಕಿಗೆ ಮೊದಲು ಸಿಗುವುದನ್ನು ಕೊಡುತ್ತದೆ, ಮೇಲೆ ಹಾಕಿದ್ದಕ್ಕೆ ದಂಡ ಏನಿಲ್ಲ. ಆದರೆ ಹೋಗಲು ಮನಸ್ಸೇ ಇಲ್ಲದ ಕಾಲೇಜನ್ನು ಮೇಲೆ ಬರೆದರೆ ಅದೇ ಸಿಕ್ಕಿ ಒದ್ದಾಡುತ್ತೀರಿ. ನನ್ನ ರೂಮ್‌ಮೇಟ್ ಹಾಗೇ ದೂರದ ಕಾಲೇಜಿಗೆ ಹೋಗಿ ಬಿದ್ದಿದ್ದ. ಅಣಕು ಹಂಚಿಕೆ ಬಂದಾಗ ನೋಡಿಕೊಂಡು ಪಟ್ಟಿ ತಿದ್ದಲು ಬಿಡುತ್ತಾರೆ, ಆ ದಿನಗಳಲ್ಲಿ ನಿಮ್ಮ ಲೈಬ್ರರಿ ತೆರೆದಿರಲಿ. ಸೀಟು ಬಂದಮೇಲೆ ಚಾಯ್ಸ್ 1 ಅಂದರೆ ಒಪ್ಪಿಗೆ, ಸೇರುತ್ತೇನೆ. ಚಾಯ್ಸ್ 2 ಅಂದರೆ ಇದು ಇರಲಿ, ಮೇಲಿನದು ಸಿಕ್ಕರೆ ಅದು ಬೇಕು. ಮೇಲಿನದು ಸಿಕ್ಕ ಕ್ಷಣ ಹಳೇದು ಹೋಗುತ್ತದೆ, ಇದನ್ನು ಮನೆಯವರಿಗೂ ಹೇಳಿರಿ.

ಅರ್ಜಿ ತುಂಬುವಾಗ ಎಸ್‌ಎನ್‌ಕ್ಯೂ ಕೇಳಿದರೆ ಹೌದು ಅನ್ನಲಿ. ಮನೆ ಆದಾಯ 8 ಲಕ್ಷದ ಒಳಗೆ ಇದ್ದವರಿಗೆ ಬೋಧನಾ ಶುಲ್ಕ ಇಲ್ಲದ 5% ಹೆಚ್ಚುವರಿ ಸೀಟು ಅದು. ತಳಕಲ್, ರಾಯಚೂರು, ಹೂವಿನಹಡಗಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳು ನಿಮಗೆ ಹತ್ತಿರ, ಬೆಂಗಳೂರೇ ಬೇಕು ಅಂತ ಹಟ ಮಾಡುವವರಿಗೆ ರೂಮ್ ಬಾಡಿಗೆ ಲೆಕ್ಕ ಹಾಕಿಸಿ.

ಉತ್ತರ: ಬಿಎ_ಓದಿದವಳು

ಎಲ್ಲರೂ ಸಿಇಟಿ ಸಿಇಟಿ ಅಂತೀರಿ. ಆರ್ಟ್ಸ್, ಕಾಮರ್ಸ್ ಮಕ್ಕಳೇ ಜಾಸ್ತಿ ಅಂತ ಮೇಡಂ ಮೊದಲೇ ಬರೆದಿದ್ದಾರೆ, ಅದನ್ನು ಯಾರೂ ಓದಿದ ಹಾಗಿಲ್ಲ.

ಡಿಗ್ರಿಗೆ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅರ್ಜಿ, ಅಷ್ಟು ಕಷ್ಟ ಇಲ್ಲ. ಕಲಬುರಗಿ ಹತ್ತಿರ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಅಲ್ಲಿಗೆ ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ನಮ್ಮ ಕಡೆ ಮಕ್ಕಳು ಅದರ ಹೆಸರೇ ಕೇಳಿರಲ್ಲ, ಕೇಳುವ ಹೊತ್ತಿಗೆ ಕೊನೇ ದಿನಾಂಕ ಮುಗಿದಿರುತ್ತದೆ.

ಹತ್ತನೇದು ಮತ್ತು ಪಿಯು ಎರಡನ್ನೂ ಸರ್ಕಾರಿ ಶಾಲೆ ಕಾಲೇಜಲ್ಲಿ ಓದಿದ ಹುಡುಗಿಯರು ಡಿಗ್ರಿ ಅಥವಾ ಡಿಪ್ಲೊಮಾ ಮೊದಲ ವರ್ಷಕ್ಕೆ ಸೇರಿದ ಕೂಡಲೇ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ಪಿಗೆ ಹಾಕಲಿ, ವರ್ಷಕ್ಕೆ 30,000 ರೂಪಾಯಿ. ಬಿಎ ಅಂತ ಕೀಳು ನೋಡಲ್ಲ. ಪಿಯುನಲ್ಲಿ ತುಂಬಾ ಚೆನ್ನಾಗಿ ಅಂಕ ಬಂದವರಿಗೆ, ಮನೆ ಆದಾಯ 4.5 ಲಕ್ಷದ ಒಳಗಿದ್ದರೆ, ಎನ್‌ಎಸ್‌ಪಿ ಪೋರ್ಟಲ್‌ನಲ್ಲಿ ಕೇಂದ್ರದ ಸ್ಕಾಲರ್‌ಶಿಪ್ ಇದೆ, ಡಿಗ್ರಿಯ ಮೂರು ವರ್ಷ ವರ್ಷಕ್ಕೆ 12,000. ಬೇರೆ ಸ್ಕಾಲರ್‌ಶಿಪ್ ಜೊತೆ ಅದು ನಡೆಯಲ್ಲ, ಯಾವುದು ಜಾಸ್ತಿ ಅಂತ ಲೆಕ್ಕ ಹಾಕಿ ಆರಿಸಲಿ. ಹಿಂದುಳಿದ ವರ್ಗದ ಹಾಸ್ಟೆಲ್‌ಗೆ ಅರ್ಜಿ ಹಾಕಿ ಸೀಟು ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆ ದುಡ್ಡು ಕೊಡುತ್ತಾರೆ, ಹತ್ತು ತಿಂಗಳು. ಹಾಸ್ಟೆಲ್ ಸಿಗಲ್ಲ ಅಂತ ಅರ್ಜಿಯನ್ನೇ ಹಾಕದೆ ಕೂರುವವರು ಇದ್ದಾರೆ, ಅವರಿಗೆ ಬೈದು ಹಾಕಿಸಿ.

ಪ್ರಶ್ನೆ ಕೇಳಿದವರು: ಕುಷ್ಟಗಿ_ಲೈಬ್ರರಿ

ಎಲ್ಲರಿಗೂ ಧನ್ಯವಾದ. ನಾಳೆ ಹೆಸರಿನ ಕೆಲಸದಿಂದಲೇ ಶುರು ಮಾಡುತ್ತೇನೆ, ಬ್ಯಾಂಕ್ ಸೀಡಿಂಗ್ ಅದರ ಜೊತೆಗೇ. ಬಿಎ ಅಕ್ಕ ಹೇಳಿದ್ದು ನಾಟಿತು, ನಾನೂ ಬಿಎನೇ.

ರೈತರ ಮಕ್ಕಳ ಸ್ಕಾಲರ್‌ಶಿಪ್ ರೈತ ವಿದ್ಯಾನಿಧಿ ಬಗ್ಗೆ ಯಾರೂ ಹೇಳಲಿಲ್ಲ. ಒಬ್ಬ ಹುಡುಗಿ ಇದ್ದಾಳೆ, ಮನೆಯವರು ಹೊಲ ಮಾಡುತ್ತಾರೆ, ಆದರೆ ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೇ ಇದೆ. ಅವಳಿಗೆ ಬರುತ್ತದಾ?

ಉತ್ತರ: ಸೈಬರ್_ಅಣ್ಣ

ಹಾಗೇ ಇದ್ದರೆ ಕಷ್ಟ. ಅದು 2021ರಲ್ಲಿ ಶುರುವಾದ ಯೋಜನೆ. ಅಪ್ಪ ಅಥವಾ ಅಮ್ಮನ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ನೋಡಿ ಕೊಡುತ್ತಿದ್ದರು, ಪಹಣಿ ಅಜ್ಜನ ಹೆಸರಲ್ಲಿ ಇದ್ದರೆ ಅಪ್ಪನ ಐಡಿಗೆ ಆ ಹೊಲ ಸೇರಲ್ಲ. ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ ತಗೊಂಡು ಗ್ರಾಮ ಆಡಳಿತ ಅಧಿಕಾರಿ ಹತ್ತಿರ ಹೋಗಿ ಪೌತಿ ಖಾತೆಗೆ (ತೀರಿಕೊಂಡವರ ಹೊಲ ವಾರಸುದಾರರ ಹೆಸರಿಗೆ ಮಾಡಿಸಲು) ಅರ್ಜಿ ಹಾಕಲಿ. ಅಣ್ಣ ತಮ್ಮಂದಿರು ತಕರಾರು ತೆಗೆದರೆ ಎಳೆಯುತ್ತದೆ, ಜಾತ್ರೆಗೆ ಎಲ್ಲರೂ ಸೇರಿದಾಗಲೇ ಮಾತು ಮುಗಿಸಿಕೊಳ್ಳಲಿ. ಖಾತೆ ಅಪ್ಪನ ಹೆಸರಿಗೆ ಆದಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಐಡಿ ಮಾಡಿಸಬಹುದು. ಬಿಎ, ಬಿಕಾಂ ಹುಡುಗಿಯರಿಗೆ ವರ್ಷಕ್ಕೆ 5,500, ಎಂಜಿನಿಯರಿಂಗ್ ಆದರೆ 11,000 ಅಂತ ಇಟ್ಟಿದ್ದರು. ಅಷ್ಟರಲ್ಲಿ ಅವಳ ಎಸ್‌ಎಸ್‌ಪಿ ಅರ್ಜಿ ನಿಲ್ಲಿಸಬೇಡಿ, ಅದಕ್ಕೆ ಪಹಣಿ ಬೇಕಾಗಿಲ್ಲ.