ಗ್ರೂಪ್ ಕ್ಲಾಸ್ ತಗೊಳ್ಳೋಕೆ ಯಾವ ಸರ್ಟಿಫಿಕೇಟ್? ಅನುಭವ ಇರೋರು ಹೇಳಿ

ಎಸ್ಸೆಸ್ ಪುರಂ: ನಾನು ತುಮಕೂರಿನವಳು. ಮನೆ ಹತ್ತಿರದ ಹಾಲ್‌ನಲ್ಲಿ ಹೆಂಗಸರಿಗೆ ಬೆಳಗಿನ ಏರೋಬಿಕ್ಸ್ ಬ್ಯಾಚ್ ಶುರು ಮಾಡುವ ಆಸೆ. ಏಸ್ (ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಜ್ ಕೊಡೋ ಸರ್ಟಿಫಿಕೇಟ್) ಮಾಡಲೋ, ಜುಂಬಾ ಲೈಸೆನ್ಸ್ ಸಾಕೋ? ಕೈಯಲ್ಲಿ 40,000 ಇದೆ. ಇಂಗ್ಲಿಷ್ ಅಷ್ಟಕ್ಕಷ್ಟೆ.

ಕ್ಯಾತ್ಸಂದ್ರ: ನಾನು ಏಸ್ ಗ್ರೂಪ್ ಫಿಟ್‌ನೆಸ್ ಪಾಸಾಗಿದ್ದೇನೆ. 150 ಪ್ರಶ್ನೆ, 3 ಗಂಟೆ. 200ರಿಂದ 800ರ ಸ್ಕೇಲಿನಲ್ಲಿ 500 ಬರಬೇಕು. ಫೀಸು ಡಾಲರ್‌ನಲ್ಲಿ. ಕಾರ್ಡಲ್ಲಿ ಕಟ್ಟಿದ್ದಕ್ಕೆ ಬ್ಯಾಂಕಿನವರು ಫಾರೆಕ್ಸ್ ಅಂತ ಮೂರೂವರೆ ಪರ್ಸೆಂಟ್ ಕಿತ್ತರು, ಅದರ ಮೇಲೆ ಜಿಎಸ್‌ಟಿ. ಸಿಪಿಆರ್, ಅಂದ್ರೆ ಹೃದಯ ನಿಂತವರಿಗೆ ಎದೆ ಒತ್ತಿ ಮಾಡೋ ಪ್ರಥಮ ಚಿಕಿತ್ಸೆ, ಅದು ಕಲಿತ ಕಾರ್ಡ್ ಬೇರೆ ಬೇಕು. ಬರೀ ಆನ್‌ಲೈನ್‌ದು ನಡೆಯಲ್ಲ, ಗೊಂಬೆಯ ಎದೆ ಒತ್ತಿ ತೋರಿಸಬೇಕು. ಅದಕ್ಕೆ ಬೆಂಗಳೂರಿಗೆ ಹೋಗಿ 2,800 ಕೊಟ್ಟೆ. ಎರಡು ವರ್ಷಕ್ಕೊಮ್ಮೆ 20 ಗಂಟೆ ಕಲಿಕೆ ತೋರಿಸಿ ರಿನ್ಯೂ ಮಾಡಿಸಬೇಕು, ಅದಕ್ಕೂ ದುಡ್ಡು. ಇಷ್ಟೆಲ್ಲ ಆದ ಮೇಲೆ ಜಿಮ್ ಓನರ್ ಒಬ್ಬ ಸರ್ಟಿಫಿಕೇಟ್ ಕಡೆ ಕಣ್ಣೂ ಹಾಯಿಸಲಿಲ್ಲ. ‘ಮೇಡಂ, ರೀಲ್ಸ್ ಮಾಡ್ತೀರಾ?’ ಅಂದ. ಆದರೂ ಮಾಡಿದ್ದೇ ಸರಿ ಅಂತೀನಿ.

ಚಿಂತಾಮಣಿ ಸ್ಟೆಪ್ಸ್: ಅಷ್ಟೆಲ್ಲ ಓದಿ ಯಾರನ್ನ ಉದ್ಧಾರ ಮಾಡಬೇಕು? ನಂದು ಜುಂಬಾ ಬೇಸಿಕ್ ಒನ್. ಮೆರೆಂಗೆ, ಸಾಲ್ಸಾ, ಕುಂಬಿಯಾ, ರೆಗೆಟಾನ್, ಈ ನಾಲ್ಕು ಲ್ಯಾಟಿನ್ ಡ್ಯಾನ್ಸಿನ ಸ್ಟೆಪ್ಪೂ ಮೈಗೆ ಹತ್ತಿತು, ಮುಗೀತು. ಲೈಸೆನ್ಸ್ ಉಳಿಸಿಕೊಳ್ಳೋಕೆ ತಿಂಗಳಿಗಿಷ್ಟು ಅಂತ ಸದಸ್ಯತ್ವ ಕಟ್ಟುತ್ತೇನೆ, ಹೊಸ ಹಾಡು ಬರುತ್ತವೆ. ತಲೆಗೆ 900, ಮೂವತ್ತು ಜನ. ಹಾಲ್ ಬಾಡಿಗೆ 6,000. ಸ್ಪೀಕರ್ 11,500. ಹೆಡ್‌ಸೆಟ್ ಮೈಕು ಬೆವರಿಗೆ ಸತ್ತಿತು, ಮತ್ತೆ 2,200. ಆಷಾಢದಲ್ಲಿ ಬ್ಯಾಚ್ ಅರ್ಧ ಖಾಲಿ, ಬಾಡಿಗೆ ಮಾತ್ರ ಪೂರ್ತಿ. ಅಳೋರು ಅಳಲಿ, ನನಗೆ ಸಾಕಾಗುತ್ತೆ.

ಕ್ಯಾತ್ಸಂದ್ರ: ಅಳೋರು ಯಾರು? ಬಿಪಿ ಇರೋ ಹೆಂಗಸು ನಿಮ್ಮ ಕ್ಲಾಸಲ್ಲಿ ಕುಸಿದು ಬಿದ್ದರೆ ಕುಂಬಿಯಾ ಹಾಕ್ತೀರಾ?

ಚಿಂತಾಮಣಿ ಸ್ಟೆಪ್ಸ್: ಸೇರುವಾಗಲೇ ಬಿಪಿ, ಮಂಡಿ, ಹೆರಿಗೆ ಎಲ್ಲ ಬರೆಸಿಕೊಳ್ಳುತ್ತೇನೆ. ಸಿಪಿಆರ್ ನನಗೂ ಬರುತ್ತೆ. ಗೊಂಬೆ ಒತ್ತೋಕೆ 2,800 ಕೊಡಲಿಲ್ಲ, ಅಷ್ಟೆ.

ಕೋಲಾರದವನು: ನೀವಿಬ್ಬರೂ ಪುಣ್ಯವಂತರು. ನಾನು ಒಂದು ಅಕಾಡೆಮಿಗೆ 65,000 ಸುರಿದೆ. ಹೆಸರು ಹೇಳಲ್ಲ, ನೋಟಿಸ್ ಯಾರಿಗೆ ಬೇಕು. ಮೊದಲು 25,000, ಉಳಿದದ್ದು ಇಎಂಐ. ಟೀಶರ್ಟಿಗೆ 1,200. ‘ಇಂಟರ್‌ನ್ಯಾಷನಲ್ ಡಿಪ್ಲೊಮಾ, ಕೆಲಸ ಗ್ಯಾರಂಟಿ’ ಅಂದರು. ಪ್ರಾಕ್ಟಿಕಲ್ ಅಂದ್ರೆ ಜಿಮ್ಮಲ್ಲಿ ಡಂಬೆಲ್ ಜೋಡಿಸೋದು. ಹಾಡಿನ 32 ಕೌಂಟಿಗೆ ಸ್ಟೆಪ್ಪು ಜೋಡಿಸಿ ಒಂದು ಬ್ಲಾಕ್ ಹೇಗೆ ಕಟ್ಟಬೇಕು, ಮುಂದಿನ ಸ್ಟೆಪ್ಪನ್ನ ನಾಲ್ಕು ಕೌಂಟ್ ಮುಂಚೆ ಹೇಗೆ ಕೂಗಬೇಕು, ಒಬ್ಬರೂ ಹೇಳಿಕೊಡಲಿಲ್ಲ. ಊರ ತಮಟೆ ಹುಡುಗರ ಪಕ್ಕ ನಿಂತು ಕೌಂಟ್ ಹಿಡಿಯೋದು ಕಲಿತೆ. ಏಸ್‌ಗೆ ಎನ್‌ಸಿಸಿಎ ಅನ್ನೋ ಅಮೆರಿಕದ ಸಂಸ್ಥೆಯ ಮಾನ್ಯತೆ ಇದೆ. ನನ್ನ ಡಿಪ್ಲೊಮಾಕ್ಕೆ ಇರೋದು ಚಿನ್ನದ ಬಣ್ಣದ ಸೀಲು. ಇಎಂಐ ಇನ್ನೂ ನಡೀತಿದೆ.

ಗುಬ್ಬಿ ಯೋಗ: ಅಮೆರಿಕದ ಕಾಗದ ಯಾಕೆ? ಕೇಂದ್ರದ ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಷನ್ ಬೋರ್ಡ್ ಪರೀಕ್ಷೆ ಕಟ್ಟಿ. ಥಿಯರಿ, ಪ್ರಾಕ್ಟಿಕಲ್ ಎರಡೂ ಇದೆ. ಸ್ಪೀಕರ್ ಖರ್ಚಿಲ್ಲ. ನಾನು ಚಾಪೆ ಸಹ ಅವರವರೇ ತರಲಿ ಅಂದಿದ್ದೇನೆ.

ಚಿಂತಾಮಣಿ ಸ್ಟೆಪ್ಸ್: ಅವರು ಕೇಳಿದ್ದು ಏರೋಬಿಕ್ಸ್ ಸ್ವಾಮಿ.

ಗುಬ್ಬಿ ಯೋಗ: ಬೆಳಗ್ಗೆ ಆರಕ್ಕೆ ಡಬ್ ಡಬ್ ಅಂತ ಸ್ಪೀಕರ್ ಹಾಕಿ ಬೀದಿ ಎಬ್ಬಿಸೋದು ವ್ಯಾಯಾಮನಾ?

ಚಿಂತಾಮಣಿ ಸ್ಟೆಪ್ಸ್: ನಿಮ್ಮ ಶವಾಸನದಲ್ಲಿ ಗೊರಕೆ ಹೊಡೆಯೋರಿಗಿಂತ ವಾಸಿ.

ಎಸ್ಸೆಸ್ ಪುರಂ: ಎಲ್ಲರಿಗೂ ಥ್ಯಾಂಕ್ಸ್. ಇಂಗ್ಲಿಷ್ ವಿಷಯ ಕೇಳಿದ್ದೆ, ಯಾರಾದ್ರೂ ಹೇಳ್ತೀರಾ?

ಕ್ಯಾತ್ಸಂದ್ರ: ಏಸ್ ಪರೀಕ್ಷೆ ಕನ್ನಡದಲ್ಲಿ ಇಲ್ಲ. ಸ್ನಾಯುಗಳ ಹೆಸರು ಹೆಂಗೂ ಬಾಯಿಪಾಠವೇ. ‘ಕ್ಲಾಸಲ್ಲಿ ಒಬ್ಬರು ಹೀಗೆ ಮಾಡಿದರೆ ನೀವೇನು ಮಾಡ್ತೀರಿ’ ಅನ್ನೋ ಉದ್ದುದ್ದ ಪ್ರಶ್ನೆಗಳೇ ಕಷ್ಟ. ನನ್ನ ಪುಸ್ತಕ ಇದೆ, ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದೇನೆ. ಬಂದು ತಗೊಂಡು ಹೋಗಿ.

ಕೋಲಾರದವನು: ಎಷ್ಟಕ್ಕೆ?

ಕ್ಯಾತ್ಸಂದ್ರ: ಅವರಿಗೆ ಸುಮ್ನೆ. ನಿಮಗೆ 65,000.