ಪದ ಬೇಕು: "ಸ್ಪ್ರಿಂಗ್ ರನಾಫ್", "ಡ್ರಾಡೌನ್" (ಇವತ್ತು ರಾತ್ರಿಯೊಳಗೆ)

ಗೆಳೆಯರೇ,

ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಅಣೆಕಟ್ಟುಗಳ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಒಂದು ಫಲಕ ಅಮೆರಿಕದ ಕೊಲರಾಡೊ ನದಿಯ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನದು, 1983ರ ಕತೆ. ಆ ವರ್ಷ ರಾಕಿ ಬೆಟ್ಟಗಳಲ್ಲಿ ಹಿಮ ತಡವಾಗಿ ಜಾಸ್ತಿ ಬಿತ್ತು, ಮೇ ಕೊನೆಗೆ ಒಮ್ಮೆಲೇ ಸೆಕೆ ಏರಿತು, ಅದರ ಮೇಲೆ ಮಳೆ. ಲೇಕ್ ಪೊವೆಲ್ ಜಲಾಶಯ ಮೊದಲೇ ಹೆಚ್ಚುಕಡಿಮೆ ತುಂಬಿತ್ತು. ಜೂನ್‌ನಲ್ಲಿ ಸ್ಪಿಲ್‌ವೇ (ಹೆಚ್ಚಾದ ನೀರು ಹೊರಬಿಡುವ ದಾರಿ) ಸುರಂಗ ತೆರೆದರು, ನೀರಿನ ರಭಸಕ್ಕೆ ಒಳಗಿನ ಕಾಂಕ್ರೀಟ್ ಕಿತ್ತು ಹಿಂದಿನ ಮರಳುಗಲ್ಲಿನಲ್ಲಿ ದೊಡ್ಡ ಗುಂಡಿಗಳೇ ಬಿದ್ದವು.

ಹೀಗೆ ಬೆಟ್ಟದ ಹಿಮ ಕರಗಿ ಬರುವ ನೀರಿಗೆ ಇಂಗ್ಲಿಷ್‌ನಲ್ಲಿ "ಸ್ಪ್ರಿಂಗ್ ರನಾಫ್" ಅನ್ನುತ್ತಾರೆ, ಅದಕ್ಕೆ "ವಸಂತದ ಹರಿವು" ಅಂತ ಬರೆದಿದ್ದೆ. ಓದಿದ ಮಗಳು "ವಸಂತದಲ್ಲಿ ಹೊಳೆ ಬತ್ತಿರುತ್ತೆ ಅಲ್ವಾ?" ಎಂದಳು. ನಿಜ, ಯುಗಾದಿ ಹೊತ್ತಿಗೆ ನಮ್ಮ ಹೊಳೆಗಳಲ್ಲಿ ಬರೀ ಕಲ್ಲು ಕಾಣುತ್ತದೆ. ಇನ್ನೊಂದು ಪದ, ಹಿಮ ಕರಗುವ ಮೊದಲೇ ನೀರು ಬಿಟ್ಟು ಮಟ್ಟ ಇಳಿಸುತ್ತಾರಲ್ಲ, ಆ ಡ್ರಾಡೌನ್‌ಗೆ ಏನೆನ್ನೋಣ?

*

ಹಿಮಸ್ರಾವ. ಪೂರ್ವವಿಸರ್ಜನೆ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

*

ಇದೆ ಸರ್. ಸ್ರಾವ ಅಂದರೆ ಮಕ್ಕಳಿಗೆ ರಕ್ತಸ್ರಾವ ನೆನಪಾಗುತ್ತದೆ. ವಿಸರ್ಜನೆ ಗಣಪತಿಗೆ ಇರಲಿ. ಅಚ್ಚಕನ್ನಡದಲ್ಲಿ "ನೆರೆ" ಇರುವಾಗ ಇವೆಲ್ಲ ಯಾಕೆ? ಸಂತೆಗೆ ಜನ ನೆರೆಯುತ್ತಾರೆ, ಹಾಗೇ ತೊರೆ ತೊರೆ ಸೇರಿ ನೀರು ನೆರೆದರೆ ನೆರೆ. "ಮಂಜುನೆರೆ" ಎನ್ನಿ.

*

ಜನ ನೆರೆಯುವ ನೆರೆ ಬೇರೆ. ತುಂಬು ಎಂಬ ಅರ್ಥದ್ದು ಹಳಗನ್ನಡದ "ನೆಱೆ", ಶಕಟರೇಫದ್ದು, ಅಂದರೆ ಹಳೆಯ ಱ ಅಕ್ಷರದ್ದು. ತಮಿಳಿನ ನಿಱೈ ನೋಡಿ. ಱ ಬಿದ್ದುಹೋದ ಮೇಲೆ ಎರಡೂ ಒಂದೇ ರೂಪಕ್ಕೆ ಬಂದವು. ನೀರಿನ ನೆರೆಯನ್ನು ನಾನು ತುಂಬುವ ನೆಱೆಯ ಜೊತೆಗೇ ಇಡುತ್ತೇನೆ, ಹೊಳೆ ತುಂಬಿ ಬಂದದ್ದು ತಾನೇ ಅದು.

ಮತ್ತೆ, ಮಂಜು ಬೇಡ. ಮಲೆನಾಡಿನವರಿಗೆ ಮಂಜು ಅಂದರೆ ಬೆಳಗಿನ ಮುಸುಕು. ಅದು ಇಳಿದರೆ ಕಾಫಿ ಎಲೆ ಒದ್ದೆಯಾಗುತ್ತದೆ, ಹೊಳೆ ಏರುವುದಿಲ್ಲ.

*

ಹಿಮ ಸಂಸ್ಕೃತ. ಅಷ್ಟು ಹೇಳಿ ಬಿಡುತ್ತೇನೆ.

*

ನಾನು ನೀರಾವರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು. ನೀವೆಲ್ಲ ಪದದ ಬೇರು ಹಿಡಿದು ಕೂತಿದ್ದೀರಿ, ಕೆಲಸ ಏನು ಅಂತ ಯಾರೂ ಕೇಳಲಿಲ್ಲ.

ರನಾಫ್ ನೆರೆ ಅಲ್ಲ. ಹಿಮ ಕರಗಿ ಪ್ರತಿ ವರ್ಷ ಏಪ್ರಿಲ್‌ನಿಂದ ಜುಲೈವರೆಗೆ ನೀರು ಬರುತ್ತದೆ, ಅದೇ ಆ ನದಿಯ ವರ್ಷದ ಗಳಿಕೆ. ಮಿತಿ ಮೀರಿದ ವರ್ಷ ಮಾತ್ರ ನೆರೆ. ನಮ್ಮ ಮುಂಗಾರಿನ ನೀರು ಮಳೆ ಬಿದ್ದ ಹಾಗೇ ಬರುತ್ತದೆ, ಅವರದು ಚಳಿಗಾಲವಿಡೀ ಬೆಟ್ಟದ ಮೇಲೆ ಕೂತಿರುತ್ತದೆ. ಅದರಲ್ಲಿ ಎಷ್ಟು ನೀರಿದೆ ಅಂತ ಅಳೆದು, ಬರುವ ನೀರಿಗೆ ಎಷ್ಟು ಜಾಗ ಬೇಕು ಅಂತ ಮೊದಲೇ ಲೆಕ್ಕ ಹಾಕುತ್ತಾರೆ. ಜಾಗ ಕಡಿಮೆ ಬಿಟ್ಟರೆ 1983ರ ಹಾಗಾಗುತ್ತದೆ, ಜಾಸ್ತಿ ಬಿಟ್ಟು ಹಿಮ ಕೈಕೊಟ್ಟರೆ ಬೇಸಿಗೆಯಲ್ಲಿ ಕೆಳಗಿನ ಹೊಲಗಳಿಗೆ ನೀರಿಲ್ಲ. ಆ ವರ್ಷ ಅಂದಾಜು ತುಂಬ ತಡವಾಗಿ ಮೇಲೇರಿತು, ಅಷ್ಟರಲ್ಲಿ ಕೈ ಮೀರಿತ್ತು. ಜೂನ್ ಕೊನೆಗೆ ಹೊರಹರಿವು 90,000 ಕ್ಯೂಸೆಕ್ ದಾಟಿತು.

ಹಾಗಾಗಿ ಡ್ರಾಡೌನ್ ಅಂದರೆ ಖಾಲಿ ಮಾಡುವುದಲ್ಲ, ಜಾಗ ಮಾಡಿಕೊಳ್ಳುವುದು. ಫಲಕದಲ್ಲಿ ಹಾಗೇ ಬರೆಯಿರಿ. ರಿಲೀಸ್‌ಗೆ "ನೀರು ಬಿಡುವುದು" ಸಾಕು. ನೀರುಗಂಟಿಯಿಂದ ಮಂತ್ರಿಯವರೆಗೆ ಎಲ್ಲರೂ ಅದನ್ನೇ ಆಡುತ್ತಾರೆ.

*

ಮೇಡಂ ಹೇಳಿದ್ದು ಒಪ್ಪಿದೆ. ಆದರೆ ಸ್ಪಿಲ್‌ವೇ ಯಾಕೆ ಹಾಗೇ ಉಳಿಯಬೇಕು? "ಕೋಡಿ" ಇದೆ. ಊರೂರಿನ ಕೆರೆಗೂ ಇದೆ.

*

ಕೋಡಿಗೆ ಗೇಟಿಲ್ಲ. ಕೆರೆ ತುಂಬಿದರೆ ತಾನಾಗಿ ಹರಿಯುತ್ತದೆ. ಇದು ಗೇಟು ಎತ್ತಿ ಸುರಂಗಕ್ಕೆ ನೀರು ಬಿಡುವ ವ್ಯವಸ್ಥೆ. ಕೋಡಿ ಎಂದರೆ ತಪ್ಪಾಗುತ್ತದೆ.

*

ಹಾಗಾದರೆ ಗೇಟು, ಕ್ಯೂಸೆಕ್, ಸ್ಪಿಲ್‌ವೇ ಎಲ್ಲ ಅವರದೇ ಇರಲಿ, ಕ್ರಿಯಾಪದ ಮಾತ್ರ ನಮ್ಮದಾ? ಇದೇ ದಾರಿಯಲ್ಲಿ ಹೋದರೆ ಹೊಲದಲ್ಲಿ ನಿಂತು ಆಡುವ ಮಾತೂ ಉಳಿಯುವುದಿಲ್ಲ. ತೂಬು, ಏರಿ, ಹಿನ್ನೀರು ಇವೆಲ್ಲ ಯಾರೋ ಕೂತು ಕಟ್ಟಿದ ಪದಗಳಲ್ಲ. ಕೆಲಸ ಮಾಡಿದವರ ಬಾಯಲ್ಲಿ ಬಂದವು.

*

ಅದನ್ನೇ ನಾನೂ ಹೇಳುವುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಯಿತು. ಒಂದು ವಾರದಲ್ಲಿ "ಸ್ಟಾಪ್ ಲಾಗ್" (ಗೇಟಿನ ಜಾಗದಲ್ಲಿ ನೀರು ತಡೆಯಲು ಇಳಿಸುವ ಹಲಗೆ) ಎಂಬ ಮಾತು ಗಂಗಾವತಿಯ ಭತ್ತದ ರೈತರ ಬಾಯಲ್ಲೂ ಬಂತು. ಬೆಳೆ ಉಳಿಯುತ್ತದಾ ಅಂತ ಎದೆ ಹೊಡೆದುಕೊಳ್ಳುವಾಗ ಕಲಿತ ಪದ ಅದು. ಅದನ್ನು ಹೊರಗಿನದು ಅಂತ ಸುಮ್ನೆ ಕಿತ್ತು ಹಾಕಲು ನಮಗೆ ಹಕ್ಕಿಲ್ಲ.

*

ಎಲ್ಲರಿಗೂ ನಮಸ್ಕಾರ. ಹೊತ್ತಾಯಿತು, ಹೀಗೆ ಕಳಿಸುತ್ತಿದ್ದೇನೆ: "ಬೆಟ್ಟದ ಹಿಮ ಕರಗಿ ಬರುವ ನೀರಿಗೆ ಜಲಾಶಯದಲ್ಲಿ ಮೊದಲೇ ಜಾಗ ಮಾಡಿಕೊಳ್ಳಬೇಕು. 1983ರಲ್ಲಿ ಆ ಜಾಗ ಸಾಲಲಿಲ್ಲ." ಹೆಸರಾಗಿ ಬೇಕಾದ ಕಡೆ "ಹಿಮದ ನೀರು". ವಸಂತ ಎಲ್ಲೂ ಇಲ್ಲ. ಸ್ಪಿಲ್‌ವೇ ಹಾಗೇ ಇದೆ.

ಒಂದು ಕಡೆ ಮಾತ್ರ ಕೋಡಿ ತಂದಿದ್ದೇನೆ. ನೀರು ಗೇಟಿನ ತಲೆ ದಾಟದಂತೆ ಅವರು ಗೇಟುಗಳ ಮೇಲೆ ಪ್ಲೈವುಡ್ ಹಲಗೆ ನಿಲ್ಲಿಸಿದರು, ಆಮೇಲೆ ಉಕ್ಕಿನದು ಹಾಕಿದರು. ಅಲ್ಲಿ "ನಮ್ಮ ಊರುಗಳಲ್ಲಿ ಕೋಡಿಯ ಮೇಲೆ ಮರಳು ಚೀಲ ಪೇರಿಸುವ ಹಾಗೆ" ಎಂದು ಸೇರಿಸಿದೆ.

*

ಅದು ಸರಿ ಇದೆ. ಇರಲಿ.